ದೊಡ್ಡ ಪೋರ್ಟ್, ದೊಡ್ಡ ಅಂಕಿ: ಸಿಲಿಂಡರ್ ಹೆಡ್ ಆಯ್ಕೆಯಲ್ಲಿ ಅಡಗಿರುವ ಲೆಕ್ಕಾಚಾರ

ಎಂಜಿನ್ನಿನ ಸಿಲಿಂಡರ್ ಹೆಡ್ಡಿಗೂ ಲೆಕ್ಕಪರಿಶೋಧಕನಿಗೂ ಏನು ಸಂಬಂಧವೆಂದು ಓದುಗ ಬಂಧುಗಳು ಕೇಳಬಹುದು. ಎರಕದ ಕಾರ್ಖಾನೆಗಳು ಮತ್ತು ಯಂತ್ರಗಾರಗಳ ಲೆಕ್ಕಪತ್ರಗಳನ್ನು ನೋಡುವುದು ನನ್ನ ವೃತ್ತಿಯ ದೊಡ್ಡ ಭಾಗವಾಗಿದೆ. ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಗಳೂ ನನ್ನ ಮೇಜಿನ ಮೇಲಿನಿಂದಲೇ ಹಾದುಹೋಗುತ್ತವೆ. ಅವುಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ಒಂದು ಪ್ರಸ್ತಾಪವೆಂದರೆ, ಅಮೆರಿಕ ಮತ್ತು ಆಸ್ಟ್ರೇಲಿಯಾಗಳ ವೇಗದ ಕಾರುಗಳ ಮಾರುಕಟ್ಟೆಗಾಗಿ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡುಗಳನ್ನು ಎರಕ ಹೊಯ್ದು ಕಳುಹಿಸುವುದು. ಬೆಳಗಾವಿಯಂತಹ ಊರಿನಲ್ಲಿ ಎರಕದ ಕಸುಬು ತಲೆಮಾರುಗಳಿಂದ ಬೇರೂರಿರುವುದರಿಂದ ಇಂತಹ ಆಸೆ ಅಸಹಜವಾದುದೇನಲ್ಲ. ಆದರೆ ಇಂತಹ ವರದಿಗಳಲ್ಲಿ ಒಂದು ಸಾಮಾನ್ಯ ಲಕ್ಷಣವನ್ನು ಗಮನಿಸಿದ್ದೇನೆ. ಮಾದರಿಗೆಂದು ಆರಿಸಿಕೊಂಡ ಹೆಡ್ ಯಾವಾಗಲೂ ಆ ಸಾಲಿನಲ್ಲಿ ಅತ್ಯಂತ ದೊಡ್ಡ ಪೋರ್ಟ್ ಉಳ್ಳದ್ದು. ಕಾರಣ ಕೇಳಿದರೆ ಬರುವ ಉತ್ತರ ಒಂದೇ: "ದೊಡ್ಡದಿದ್ದಷ್ಟೂ ಗಾಳಿ ಹೆಚ್ಚು, ಗಾಳಿ ಹೆಚ್ಚಿದ್ದಷ್ಟೂ ಶಕ್ತಿ ಹೆಚ್ಚು, ಸರ್."

ಈ ಮಾತಿನ ಅರ್ಧ ಭಾಗ ನಿಜ. ಉಳಿದ ಅರ್ಧವನ್ನು ನಂಬಿ ಕೋರ್ ಬಾಕ್ಸಿಗೆ ಹಣ ಹೂಡುವುದು ಅಪಾಯಕರವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಾಲ್ಕು ಹೊಡೆತದ ಎಂಜಿನ್ ಮೂಲತಃ ಒಂದು ಗಾಳಿ ಪಂಪು. ಈ ಮಾರುಕಟ್ಟೆಯಲ್ಲಿ ಬಹು ಬಳಕೆಯಲ್ಲಿರುವ ಶೆವರ್ಲೆ ಕಂಪನಿಯ 350 ಘನ ಅಂಗುಲದ ವಿ-8 ಎಂಜಿನ್ನನ್ನೇ ತೆಗೆದುಕೊಳ್ಳೋಣ. ಸಿಲಿಂಡರಿನ ವ್ಯಾಸ 4 ಅಂಗುಲ, ಪಿಸ್ಟನ್ನಿನ ಓಟ 3.48 ಅಂಗುಲ. ಒಂದೊಂದು ಸಿಲಿಂಡರಿನ ಗಾತ್ರ ಸುಮಾರು 717 ಸಿ.ಸಿ. ನಿಮಿಷಕ್ಕೆ 6000 ಸುತ್ತಿನಲ್ಲಿ ಒಂದು ಹೊಡೆತಕ್ಕೆ ದೊರೆಯುವ ಕಾಲ ಒಂದು ಸೆಕೆಂಡಿನ ಇನ್ನೂರನೆಯ ಒಂದು ಭಾಗ ಮಾತ್ರ. ಅಷ್ಟರಲ್ಲಿ ಗಾಳಿಯು ಇಂಟೇಕ್ ಪೋರ್ಟಿನ ಅತಿ ಕಿರಿದಾದ ಜಾಗವನ್ನು ದಾಟಿ, ವಾಲ್ವಿನ ಅಂಚಿನಿಂದ ನುಸುಳಿ ಒಳಸೇರಬೇಕು. ಆ ಕಿರಿದಾದ ಜಾಗದ ಅಡ್ಡಕೊಯ್ತ 2 ಚದರ ಅಂಗುಲವಿದ್ದರೆ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ ಸುಮಾರು 111 ಮೀಟರ್ ಆಗುತ್ತದೆ. ಅದನ್ನೇ ಎರಡೂವರೆ ಚದರ ಅಂಗುಲಕ್ಕೆ ಹಿಗ್ಗಿಸಿದರೆ ವೇಗ 89 ಮೀಟರಿಗೆ ಇಳಿಯುತ್ತದೆ. 6000 ಸುತ್ತಿನಲ್ಲಿ ಇದರಿಂದ ತೊಂದರೆಯಿಲ್ಲ, ಲಾಭವೇ ಇರಬಹುದು. ಆದರೆ ರಸ್ತೆಯ ಮೇಲಿನ ವಾಹನವು ತನ್ನ ಆಯುಷ್ಯದ ಬಹುಪಾಲನ್ನು ಕಳೆಯುವ 2500 ಸುತ್ತಿನಲ್ಲಿ ಲೆಕ್ಕ ಹಾಕಿ ನೋಡಿ. ಸಣ್ಣ ಪೋರ್ಟಿನಲ್ಲಿ 46 ಮೀಟರ್, ದೊಡ್ಡದರಲ್ಲಿ 37 ಮೀಟರ್.

ಈ ವೇಗಕ್ಕೆ ಅಷ್ಟು ಮಹತ್ವವೇಕೆ? ಪಿಸ್ಟನ್ ಕೆಳತುದಿಯನ್ನು ಮುಟ್ಟಿ ಮೇಲೇರತೊಡಗಿದ ಮೇಲೂ ಇಂಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಆ ಹೊತ್ತಿನಲ್ಲಿ ಪೋರ್ಟಿನಲ್ಲಿರುವ ಗಾಳಿಯ ಕಂಬ ತನ್ನ ಓಟದ ರಭಸದಿಂದಲೇ ಒಳನುಗ್ಗುತ್ತಿರಬೇಕು. ರಭಸವಿಲ್ಲದಿದ್ದರೆ ಏರುತ್ತಿರುವ ಪಿಸ್ಟನ್ ಒಳಬಂದ ಗಾಳಿಯನ್ನೇ ಹೊರದಬ್ಬುತ್ತದೆ. ಕಾರ್ಬೊರೇಟರ್ ಇರುವ ಎಂಜಿನ್ನಿನಲ್ಲಿ ಇನ್ನೊಂದು ತೊಡಕಿದೆ. ಗಾಳಿಯ ವೇಗ ಕುಂದಿದಾಗ ಪೆಟ್ರೋಲಿನ ಹನಿಗಳು ಗಾಳಿಯಿಂದ ಕಳಚಿ ಪೋರ್ಟಿನ ಗೋಡೆಗೆ ಅಂಟಿಕೊಳ್ಳುತ್ತವೆ. ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದ್ದಷ್ಟೇ ನೀರನ್ನು ಅಗಲವಾದ ಕಾಲುವೆಗೆ ಬಿಟ್ಟರೆ ಹರಿವು ಮಂದವಾಗಿ ತಳದಲ್ಲಿ ಹೂಳು ಕೂರುತ್ತದೆಂಬುದನ್ನು ಅವರು ನಿತ್ಯ ಕಂಡವರು.

ಹಾಗೆಂದು ಪೋರ್ಟು, ವಾಲ್ವುಗಳು ಕಿರಿದಾದಷ್ಟೂ ಒಳ್ಳೆಯದೆಂದಲ್ಲ. ಇದಕ್ಕೂ ಒಂದು ಮಿತಿಯಿದೆ. ಅಮೆರಿಕದ ಎಂ.ಐ.ಟಿ.ಯ ಪ್ರಾಧ್ಯಾಪಕ ಸಿ. ಎಫ್. ಟೇಲರ್ ಅವರು ಈ ಮಿತಿಯನ್ನು ಅಳೆಯಲು ಒಂದು ಸೂಚ್ಯಂಕವನ್ನು ರೂಪಿಸಿದ್ದರು. ಸಿಲಿಂಡರ್ ಮತ್ತು ವಾಲ್ವುಗಳ ವ್ಯಾಸದ ಅನುಪಾತದ ವರ್ಗವನ್ನು ಪಿಸ್ಟನ್ನಿನ ಸರಾಸರಿ ವೇಗದಿಂದ ಗುಣಿಸಿ, ಶಬ್ದದ ವೇಗ ಹಾಗೂ ಹರಿವಿನ ಗುಣಾಂಕಗಳ ಗುಣಲಬ್ಧದಿಂದ ಭಾಗಿಸಿದರೆ ಅದು ದೊರೆಯುತ್ತದೆ. ಸೂಚ್ಯಂಕ ಸುಮಾರು 0.6 ದಾಟಿತೆಂದರೆ ಸಿಲಿಂಡರ್ ತುಂಬಿಕೊಳ್ಳುವ ಪ್ರಮಾಣ ಕುಸಿಯತೊಡಗುತ್ತದೆ. ಹರಿವಿನ ಸರಾಸರಿ ಗುಣಾಂಕವನ್ನು 0.35 ಎಂದು ಹಿಡಿದು ಮೇಲಿನ 350 ಎಂಜಿನ್ನಿಗೆ ನಾನೇ ಲೆಕ್ಕ ಹಾಕಿದೆ. 1.94 ಅಂಗುಲದ ವಾಲ್ವಿಗೆ 6000 ಸುತ್ತಿನಲ್ಲಿ 0.63 ಬರುತ್ತದೆ, 2.02 ಅಂಗುಲದ ವಾಲ್ವಿಗೆ 0.58. ಅಂದರೆ 6000 ಸುತ್ತಿನವರೆಗೆ ದುಡಿಯುವ ಆ ಎಂಜಿನ್ನಿಗೆ ಇವೆರಡರ ಆಸುಪಾಸಿನ ಅಳತೆಯೇ ಸರಿಯೆಂದಾಯಿತು. ಬಿ.ಕಾಂ. ಓದಿದವನಿಗೂ ನಿಲುಕುವ ಲೆಕ್ಕವಿದು.

ಫೋರ್ಡ್ ಕಂಪನಿ ಕಲಿತ ಪಾಠ

ಈ ವಿಷಯದಲ್ಲಿ ಫೋರ್ಡ್ ಕಂಪನಿಯ 1968ರಿಂದ 1970ರವರೆಗಿನ ಅನುಭವವನ್ನು ಮೀರಿದ ಉದಾಹರಣೆ ನನಗೆ ತಿಳಿದಿಲ್ಲ. ಅಮೆರಿಕದ ಟ್ರಾನ್ಸ್-ಆಮ್ ಪಂದ್ಯಾವಳಿಯಲ್ಲಿ ದೊಡ್ಡ ಕಾರುಗಳ ಎಂಜಿನ್ ಗಾತ್ರಕ್ಕೆ 5 ಲೀಟರಿನ ಮಿತಿ ಇತ್ತು. 1966 ಮತ್ತು 1967ರಲ್ಲಿ ಫೋರ್ಡಿನ ಮಸ್ಟಾಂಗ್ ಗೆದ್ದಿತ್ತು. ಶೆವರ್ಲೆಯ ಕಮಾರೊ ಬೆನ್ನಟ್ಟಿ ಬರುತ್ತಿದ್ದುದನ್ನು ಕಂಡ ಫೋರ್ಡ್, 1968ಕ್ಕೆ 302 ಘನ ಅಂಗುಲದ ಎಂಜಿನ್ನಿಗೆ "ಟನಲ್ ಪೋರ್ಟ್" ಎಂಬ ಹೆಡ್ಡನ್ನು ತೊಡಿಸಿತು. ಇಂಟೇಕ್ ಪೋರ್ಟನ್ನು ಎಷ್ಟು ಅಗಲ ಮಾಡಿದರೆಂದರೆ, ಪುಶ್ ರಾಡಿಗೆ ಪಕ್ಕದಲ್ಲಿ ಜಾಗ ಉಳಿಯದೆ ಅದನ್ನು ಒಂದು ಕೊಳವೆಯೊಳಗಿರಿಸಿ ಪೋರ್ಟಿನ ನಡುವೆಯೇ ಹಾಯಿಸಬೇಕಾಯಿತು. ಅಂತಹ ಪೋರ್ಟಿನಿಂದ ಕೆಲಸ ತೆಗೆಯಲು ಎಂಜಿನ್ನನ್ನು ಬಹಳ ಎತ್ತರದ ಸುತ್ತಿನಲ್ಲೇ ಓಡಿಸಬೇಕು. ಹಾಗೆ ಓಡಿಸಿದಾಗ ಎಂಜಿನ್ನಿನ ಉಳಿದ ಭಾಗಗಳು ತಾಳಲಿಲ್ಲ. ಆ ಋತುವಿನಲ್ಲಿ ಫೋರ್ಡ್ ಎಂಜಿನ್ನುಗಳು ಮತ್ತೆ ಮತ್ತೆ ಒಡೆದವು. ಪ್ರಶಸ್ತಿ ಕಮಾರೊ ಪಾಲಾಯಿತು.

1969ಕ್ಕೆ ಫೋರ್ಡ್ ಹೊಸ ಹೆಡ್ಡನ್ನು ತಂದಿತು. ಅದೇ ಹೆಸರಾಂತ ಬಾಸ್ 302. ಒಳ್ಳೆಯ ವಿನ್ಯಾಸವೇ ಹೌದು, ಆದರೆ ಇಂಟೇಕ್ ವಾಲ್ವ್ 2.23 ಅಂಗುಲ! ಎದುರಾಳಿ ಕಮಾರೊ ಜೆಡ್-28ರ ಎಂಜಿನ್ನಿನಲ್ಲಿಯೂ ಸಿಲಿಂಡರ್ ವ್ಯಾಸ 4 ಅಂಗುಲ, ಓಟ 3 ಅಂಗುಲ, ಎಲ್ಲವೂ ಸರಿಸಮ. ವಾಲ್ವ್ ಮಾತ್ರ 2.02 ಅಂಗುಲ. ಮೇಲೆ ಹೇಳಿದ ಸೂಚ್ಯಂಕವನ್ನೇ ಇಲ್ಲಿಗೂ ಅನ್ವಯಿಸಿದರೆ ಶೆವರ್ಲೆಯ ವಾಲ್ವ್ ಸುಮಾರು 7200 ಸುತ್ತಿಗೆ ಹೊಂದುತ್ತದೆ, ಫೋರ್ಡಿನದು 8800ಕ್ಕೆ. ಪಂದ್ಯದ ನಿಯಮದ ಪ್ರಕಾರ ಇಂತಹ ಕಾರುಗಳನ್ನು ಸಾರ್ವಜನಿಕರಿಗೂ ಮಾರಬೇಕಿತ್ತು. ಮಾರಾಟದ ಕಾರಿನ ಘೋಷಿತ ಶಕ್ತಿ ಎಷ್ಟು ಗೊತ್ತೆ? 5800 ಸುತ್ತಿನಲ್ಲಿ 290 ಅಶ್ವಶಕ್ತಿ. 8800 ಸುತ್ತಿಗೆ ಹೊಂದುವ ವಾಲ್ವನ್ನು ಹೊತ್ತು ಕಚೇರಿಗೆ ಹೋಗಿಬರುವ ಗಿರಾಕಿ, ಸಿಗ್ನಲ್ ದೀಪದ ಬಳಿ ಮಂದವಾಗಿ ಎಳೆಯುವ ಎಂಜಿನ್ನಿನೊಂದಿಗೆ ಏಗಬೇಕಾಯಿತು. (ಶೆವರ್ಲೆಯೂ ತನ್ನ ಎಂಜಿನ್ನಿಗೆ 5800 ಸುತ್ತಿನಲ್ಲಿ ಅದೇ 290 ಅಶ್ವಶಕ್ತಿಯನ್ನೇ ಘೋಷಿಸಿತ್ತು. ಇಬ್ಬರು ಪ್ರತಿಸ್ಪರ್ಧಿಗಳ ಆದಾಯ ಘೋಷಣೆ ರೂಪಾಯಿಗೆ ರೂಪಾಯಿ ಒಂದೇ ಬಂದರೆ ನಮ್ಮ ವೃತ್ತಿಯವರ ಹುಬ್ಬು ಮೇಲೇರುತ್ತದೆ. ಎರಡೂ ಎಂಜಿನ್ನುಗಳ ನಿಜವಾದ ಶಕ್ತಿ ಅದಕ್ಕಿಂತ ಹೆಚ್ಚಿತ್ತೆಂದು ಬಲ್ಲವರು ಆಗಲೇ ಹೇಳುತ್ತಿದ್ದರು.)

1970ರ ಮಾದರಿಯಲ್ಲಿ ಫೋರ್ಡ್ ತನ್ನ ವಾಲ್ವನ್ನು 2.19 ಅಂಗುಲಕ್ಕೆ ಇಳಿಸಿತು. ಆ ವರ್ಷದ ಟ್ರಾನ್ಸ್-ಆಮ್ ಪ್ರಶಸ್ತಿಯೂ ಅದಕ್ಕೆ ದಕ್ಕಿತು. ವಾಲ್ವ್ ಕಿರಿದಾದದ್ದರಿಂದಲೇ ಗೆದ್ದರೆಂದು ನಾನು ಹೇಳುವುದಿಲ್ಲ, ಪಂದ್ಯ ಗೆಲ್ಲಲು ಬೇರೆ ನೂರು ಕಾರಣಗಳಿರುತ್ತವೆ. ದೊಡ್ಡ ಅಳತೆಯಿಂದ ಹಿಂದೆ ಸರಿಯಲು ಅಷ್ಟು ದೊಡ್ಡ ಕಂಪನಿಗೂ ಅಭಿಮಾನ ಅಡ್ಡ ಬರಲಿಲ್ಲವೆಂಬುದಷ್ಟೇ ಇಲ್ಲಿ ಮುಖ್ಯ.

ಅದೇ ಬಗೆಯ ಹೆಡ್ಡಿನೊಂದಿಗೆ 1970ರ ಮಾದರಿ ವರ್ಷದಲ್ಲಿ 351 ಕ್ಲೀವ್‌ಲ್ಯಾಂಡ್ ಎಂಜಿನ್ ಬಂದಿತು. ಇದರಲ್ಲಿ 2ವಿ ಮತ್ತು 4ವಿ ಎಂಬ ಎರಡು ಬಗೆಯ ಹೆಡ್ಡುಗಳಿದ್ದವು. ಇಲ್ಲಿ "ವಿ" ಎಂದರೆ ವಾಲ್ವಲ್ಲ, ಕಾರ್ಬೊರೇಟರಿನ ವೆಂಚುರಿ. ಹೆಸರು ಕೇಳಿ ಮೋಸಹೋಗುವವರು ಇಂದಿಗೂ ಇದ್ದಾರೆ. 4ವಿ ಹೆಡ್ಡಿನ ಪೋರ್ಟುಗಳು ಭಾರಿ ಗಾತ್ರದವು. ಓಟದ ಪಂದ್ಯಗಳಲ್ಲಿ ಅವು ಹೆಸರು ಮಾಡಿದವು. ಆದರೆ ಅಲ್ಲಿಯೂ ನುರಿತ ತಂತ್ರಜ್ಞರು ಪೋರ್ಟಿನ ತಳವನ್ನು ತುಂಬಿಸಿ ಕಿರಿದು ಮಾಡಿಕೊಳ್ಳುತ್ತಿದ್ದರೆಂಬುದನ್ನು ಮರೆಯಬಾರದು. ಆಸ್ಟ್ರೇಲಿಯಾದ ಫೋರ್ಡ್ ಕಂಪನಿ ತನ್ನ 302 ಕ್ಲೀವ್‌ಲ್ಯಾಂಡಿಗೆ 2ವಿಯ ಸಣ್ಣ ಪೋರ್ಟನ್ನೇ ಇಟ್ಟು, ಅದಕ್ಕೆ ಇಕ್ಕಟ್ಟಾದ ದಹನ ಕೋಣೆಯನ್ನು ಜೋಡಿಸಿತು. ಮುಂದೆ ಅಮೆರಿಕದ ರಸ್ತೆ ಕಾರುಗಳ ಹವ್ಯಾಸಿಗಳು ಸಾಗರದಾಚೆಯಿಂದ ಇದೇ ಹೆಡ್ಡನ್ನು ಹುಡುಕಿ ತರಿಸಿಕೊಳ್ಳತೊಡಗಿದರು. ತಮ್ಮ ನಾಡಿನಲ್ಲೇ ರಾಶಿ ಬಿದ್ದಿದ್ದ ದೊಡ್ಡ ಪೋರ್ಟಿನ ಹೆಡ್ಡುಗಳನ್ನು ಬಿಟ್ಟು ಸಾಗಣೆ ವೆಚ್ಚ ತೆತ್ತು ಸಣ್ಣದನ್ನು ತರಿಸಿಕೊಂಡ ಗಿರಾಕಿಯ ಬುದ್ಧಿವಂತಿಕೆಯನ್ನು ನಮ್ಮ ಯೋಜನಾ ವರದಿಗಳು ಗಣನೆಗೆ ತೆಗೆದುಕೊಳ್ಳಬೇಕು.

ಶೆವರ್ಲೆಯ ಕಡೆಯಿಂದಲೂ ಒಂದು ನಿದರ್ಶನವನ್ನು ಕೊಡಬಹುದು. 1996ರಲ್ಲಿ ಪಿಕಪ್ ಲಾರಿಗಳಿಗೆಂದು ಬಂದ ವೋರ್ಟೆಕ್ ಹೆಡ್ ಬೀಡುಕಬ್ಬಿಣದ್ದು, ಅದರ ಇಂಟೇಕ್ ವಾಲ್ವ್ 1.94 ಅಂಗುಲ ಮಾತ್ರ. ಆದರೂ 2.02 ಅಂಗುಲದ ವಾಲ್ವುಳ್ಳ 1960ರ ದಶಕದ ಪ್ರಸಿದ್ಧ ಹೆಡ್ಡುಗಳಿಗಿಂತ ಇದರಲ್ಲಿ ಗಾಳಿ ಸಲೀಸಾಗಿ ಹರಿಯುತ್ತದೆ. ಪೋರ್ಟು ವಾಲ್ವಿನತ್ತ ತಿರುಗುವ ಒಳ ಬಾಗು, ವಾಲ್ವಿನ ಕೆಳಗಿನ ಬಟ್ಟಲಿನ ಆಕಾರ, ಸೀಟಿನ ಕೋನಗಳು, ಇವುಗಳ ನಯಗಾರಿಕೆಯೇ ಅದಕ್ಕೆ ಕಾರಣ.

ಮಾರಾಟಗಾರನ ಅಂಕಿ, ಗಿರಾಕಿಯ ಲೆಕ್ಕ

ಇಷ್ಟೆಲ್ಲ ತಿಳಿದಿದ್ದರೂ ದೊಡ್ಡ ಪೋರ್ಟಿನ ಮೋಹ ಏಕೆ ಅಳಿದಿಲ್ಲವೆಂದರೆ ಮಾರಾಟದ ಪದ್ಧತಿಯೇ ಹಾಗಿದೆ. ಈ ಹೆಡ್ಡುಗಳನ್ನು ಪೋರ್ಟಿನ ಒಳಗಾತ್ರದ ಮೇಲೆ, ಅಂದರೆ 180, 195, 210, 227 ಸಿ.ಸಿ. ಎಂದು ಹೆಸರಿಸಿ ಮಾರುತ್ತಾರೆ. ಜೊತೆಗೆ ಹರಿವಿನ ಗರಿಷ್ಠ ಅಂಕಿಯೊಂದನ್ನು ದಪ್ಪಕ್ಷರದಲ್ಲಿ ಮುದ್ರಿಸುತ್ತಾರೆ. ಇವೆರಡೂ ಅರ್ಧ ಸತ್ಯಗಳು. ಗಾತ್ರವೆಂದರೆ ಉದ್ದ ಮತ್ತು ಅಡ್ಡಕೊಯ್ತಗಳ ಗುಣಲಬ್ಧ. ಪೋರ್ಟನ್ನು ಸ್ವಲ್ಪ ಮೇಲೆತ್ತಿ ಉದ್ದ ಮಾಡಿದ ಹೆಡ್ಡಿನಲ್ಲಿ 210 ಸಿ.ಸಿ. ಇದ್ದರೂ ಅದರ ಕಿರಿದಾದ ಜಾಗ, ಗಿಡ್ಡ ಪೋರ್ಟಿನ 195 ಸಿ.ಸಿ. ಹೆಡ್ಡಿನಷ್ಟೇ ಇರಬಹುದು. ಗಾಳಿಯ ವೇಗವನ್ನು ನಿರ್ಧರಿಸುವುದು ಪುಶ್ ರಾಡಿನ ಬಳಿಯ ಆ ಕಿರಿದಾದ ಅಡ್ಡಕೊಯ್ತವೇ ಹೊರತು ಒಟ್ಟು ಗಾತ್ರವಲ್ಲ. ಆ ಅಳತೆಯನ್ನು ಮುದ್ರಿಸುವ ಮಾರಾಟಗಾರರು ಕಡಿಮೆ.

ಹರಿವಿನ ಅಂಕಿಯ ಕಥೆ ಇನ್ನೂ ಸ್ವಾರಸ್ಯಕರ. ಫ್ಲೋ ಬೆಂಚಿನ ಮೇಲೆ ಹೆಡ್ಡನ್ನಿಟ್ಟು ನಿಗದಿತ ಒತ್ತಡದ ಅಂತರದಲ್ಲಿ ಗಾಳಿಯನ್ನು ಎಳೆದು ಅಳೆಯುತ್ತಾರೆ. ಈಗ ರೂಢಿಯಲ್ಲಿರುವುದು 28 ಅಂಗುಲ ನೀರಿನ ಒತ್ತಡ. ಹಳೆಯ ವರದಿಗಳಲ್ಲಿ 10 ಅಂಗುಲದ ಅಳತೆಯೂ ಸಿಗುತ್ತದೆ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಏರುವುದರಿಂದ ಹಳೆಯ ಅಂಕಿಯನ್ನು 1.67ರಿಂದ ಗುಣಿಸದೆ ಹೊಸದರೊಡನೆ ಹೋಲಿಸುವುದು, ಬೆಲೆ ಸೂಚ್ಯಂಕದ ಆಧಾರ ವರ್ಷವನ್ನು ನೋಡದೆ ಎರಡು ವರ್ಷಗಳ ವಹಿವಾಟನ್ನು ಹೋಲಿಸಿದಂತೆ. ಅದಕ್ಕಿಂತ ಮುಖ್ಯವಾಗಿ, ಗರಿಷ್ಠ ಅಂಕಿಯು ವಾಲ್ವ್ ಪೂರ್ತಿ ಮೇಲೆದ್ದಾಗಿನದು. ಒಂದು ಸುತ್ತಿನಲ್ಲಿ ವಾಲ್ವ್ ಆ ಎತ್ತರವನ್ನು ಒಮ್ಮೆ ಮಾತ್ರ ಮುಟ್ಟುತ್ತದೆ. ನಡುವಿನ ಎತ್ತರಗಳನ್ನು ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಹೀಗೆ ಎರಡು ಸಲ ಹಾಯುತ್ತದೆ. ದೀಪಾವಳಿಯ ದಿನದ ಗಲ್ಲಾಪೆಟ್ಟಿಗೆಯನ್ನು ತೋರಿಸಿ ಅಂಗಡಿಯ ಬೆಲೆ ಕೇಳಿದರೆ ನಮ್ಮ ವ್ಯಾಪಾರಿಗಳು ಒಪ್ಪುವುದಿಲ್ಲ, ಹನ್ನೆರಡು ತಿಂಗಳ ಲೆಕ್ಕ ಕೇಳುತ್ತಾರೆ. ಹೆಡ್ ಕೊಳ್ಳುವವನೂ ಹಾಗೆಯೇ ವಾಲ್ವಿನ ಪ್ರತಿಯೊಂದು ಎತ್ತರದ ಹರಿವಿನ ಪಟ್ಟಿಯನ್ನು ಕೇಳಬೇಕು. ತನ್ನ ಕ್ಯಾಮ್ ಶಾಫ್ಟು ವಾಲ್ವನ್ನು ಎಷ್ಟು ಎತ್ತುತ್ತದೆಯೋ ಅದಕ್ಕಿಂತ ಮೇಲಿನ ಅಂಕಿಗಳು ಅವನ ಪಾಲಿಗೆ ನಿರುಪಯುಕ್ತ.

ಹೆಡ್ ಎಂಬುದು ಒಂಟಿಯಾಗಿ ದುಡಿಯುವ ವಸ್ತುವೂ ಅಲ್ಲ. ದಹನ ಕೋಣೆ 76 ಸಿ.ಸಿ.ಯಿಂದ 64 ಸಿ.ಸಿ.ಗೆ ಇಳಿದರೆ ಆ 350 ಎಂಜಿನ್ನಿನ ಕಂಪ್ರೆಷನ್ ರೇಶಿಯೊ ಸುಮಾರು ಒಂದು ಅಂಶದಷ್ಟು ಏರುತ್ತದೆ, ಆಗ ಪೆಟ್ರೋಲಿನ ಆಕ್ಟೇನ್ ದರ್ಜೆಯನ್ನೂ ನೋಡಬೇಕಾಗುತ್ತದೆ. ದೊಡ್ಡ ಪೋರ್ಟಿಗೆ ದೊಡ್ಡ ಕ್ಯಾಮ್, ಅದಕ್ಕೆ ಗಟ್ಟಿ ಸ್ಪ್ರಿಂಗು, ಹೆಚ್ಚು ಸುತ್ತನ್ನು ತಾಳುವ ಪಿಸ್ಟನ್ನು ಮತ್ತು ಕನೆಕ್ಟಿಂಗ್ ರಾಡು, ಕೊನೆಗೆ ಹಿಂದಿನ ಆಕ್ಸಲಿನ ಗೇರ್ ಅನುಪಾತ, ಹೀಗೆ ಒಂದರ ಹಿಂದೊಂದು ಖರ್ಚು ಬೆಳೆಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಹೆಡ್ ಕೊಳ್ಳುವವನಿಗೂ ಅನ್ವಯಿಸುತ್ತದೆ.

ಎರಕದವರು ಯೋಚಿಸಬೇಕಾದದ್ದು

ಈಗ ನಮ್ಮ ಉತ್ಪಾದಕರ ವಿಷಯಕ್ಕೆ ಬರೋಣ. ಇತ್ತೀಚೆಗೆ ಕಾರ್ಖಾನೆಯ ಮಾಲೀಕರೊಬ್ಬರು ಎರಡು ಕೊಟೇಶನ್ ಹಿಡಿದು ಬಂದಿದ್ದರು. ಒಂದು 180 ಸಿ.ಸಿ. ಪೋರ್ಟಿನ ಕೋರ್ ಬಾಕ್ಸು, ಇನ್ನೊಂದು 227 ಸಿ.ಸಿ.ಯದು. ಪ್ಯಾಟರ್ನಿನ ಖರ್ಚು ಎರಡಕ್ಕೂ ಹೆಚ್ಚು ಕಡಿಮೆ ಒಂದೇ. "ಖರ್ಚು ಒಂದೇ ಆದ ಮೇಲೆ ದೊಡ್ಡದನ್ನೇ ಮಾಡಿಸೋಣ, ಬೆಲೆ ಹೆಚ್ಚು ಸಿಗುತ್ತದೆ" ಎಂಬುದು ಅವರ ವಾದ. ನಾನು ಕೇಳಿದ್ದು ಒಂದೇ ಪ್ರಶ್ನೆ: ದೊಡ್ಡ ಪೋರ್ಟಿನ ಎರಕ ಮಾರಾಟವಾಗದೆ ಉಳಿದರೆ ಅದನ್ನು ಸಣ್ಣದಾಗಿಸಿ ಮಾರಬಲ್ಲಿರಾ?

ಲೋಹವನ್ನು ಕೊರೆದು ತೆಗೆಯಬಹುದು, ಕೊರೆದದ್ದನ್ನು ಮರಳಿ ಸೇರಿಸುವುದು ಸುಲಭವಲ್ಲ. ಈ ಮಾರುಕಟ್ಟೆಯಲ್ಲಿ ನೆಲೆ ನಿಂತ ತಯಾರಕರು ಅನುಸರಿಸುವ ದಾರಿಯೂ ಇದೇ. ಸಣ್ಣ ಪೋರ್ಟಿನ ಎರಕವೊಂದನ್ನು ಗೋಡೆ ದಪ್ಪವಾಗಿ ಹೊಯ್ದುಕೊಂಡು, ಅದೇ ಎರಕವನ್ನು ಸಿ.ಎನ್.ಸಿ. ಯಂತ್ರದಲ್ಲಿ ಗಿರಾಕಿಯ ಬೇಡಿಕೆಗೆ ತಕ್ಕಂತೆ ಬೇರೆ ಬೇರೆ ಅಳತೆಗೆ ಕೊರೆದು ಮಾರುತ್ತಾರೆ. ಒಂದೇ ದಾಸ್ತಾನಿನಿಂದ ಎರಡು ಮೂರು ಬಗೆಯ ಸರಕು ಹೊರಬರುತ್ತದೆ. ದಾಸ್ತಾನಿನಲ್ಲಿ ಕೂರುವ ಬಂಡವಾಳ ಇಳಿಯುತ್ತದೆ. ಇದಕ್ಕೆ ಎರಕದ ಹಂತದಲ್ಲಿಯೇ ಮುಂದಾಲೋಚನೆ ಬೇಕು. ಪೋರ್ಟಿನ ಗೋಡೆಯಾಚೆ ನೀರಿನ ದಾರಿ ಇರುತ್ತದೆ. ಗೋಡೆಯ ದಪ್ಪ ಸಾಲದಿದ್ದರೆ ಅಥವಾ ಕೋರು ಒಂದೆರಡು ಮಿಲಿಮೀಟರ್ ಜರುಗಿದ್ದರೆ ಕೊರೆಯುವ ಉಪಕರಣ ನೀರಿನ ದಾರಿಗೆ ತೂತು ಮಾಡುತ್ತದೆ. ಅಷ್ಟು ಹೊತ್ತಿಗೆ ಆ ಹೆಡ್ಡಿನ ಮೇಲೆ ಎರಕ, ಉಷ್ಣೋಪಚಾರ, ಯಂತ್ರದ ಗಂಟೆ ಎಲ್ಲವೂ ಖರ್ಚಾಗಿರುತ್ತದೆ. ಆದ್ದರಿಂದ ತಿರಸ್ಕೃತ ಸರಕಿನ ಪ್ರಮಾಣವನ್ನು ಎರಕದ ಹಂತಕ್ಕೆ ಬೇರೆ, ಕೊರೆತದ ಹಂತಕ್ಕೆ ಬೇರೆಯಾಗಿ ಬರೆದಿಡಬೇಕೆಂದು ನಾನು ಒತ್ತಾಯಿಸುತ್ತೇನೆ. ಎರಡನ್ನೂ ಒಂದೇ ಶೀರ್ಷಿಕೆಯಡಿ ಸೇರಿಸುವ ಪದ್ಧತಿಯಿಂದ ನಷ್ಟ ಎಲ್ಲಿ ಹುಟ್ಟಿತೆಂಬುದೇ ತಿಳಿಯುವುದಿಲ್ಲ.

ನಮ್ಮ ಕಡೆ "ಪೋರ್ಟಿಂಗ್" ಎಂದೊಡನೆ ಹಳಬರಿಗೆ ನೆನಪಾಗುವುದು ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿ ಬೈಕುಗಳು. ಅವು ಎರಡು ಹೊಡೆತದ ಎಂಜಿನ್ನುಗಳು, ಪೋರ್ಟು ಇರುತ್ತಿದ್ದುದು ಸಿಲಿಂಡರಿನ ಗೋಡೆಯಲ್ಲಿ. ಅರದಿಂದ ಪೋರ್ಟಿನ ಎತ್ತರವನ್ನು ತಿದ್ದಿದರೆ ತೆರೆದು ಮುಚ್ಚುವ ಕಾಲವೇ ಬದಲಾಗುತ್ತಿತ್ತು. ಆ ಅನುಭವವನ್ನು ನಾಲ್ಕು ಹೊಡೆತದ ಹೆಡ್ಡಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ.

ದೇಶೀಯ ಮಾರುಕಟ್ಟೆಯನ್ನು ನೆಚ್ಚಿಕೊಂಡವರಿಗೂ ಒಂದು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕನಿಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಆದುದರಿಂದ ಇಲ್ಲಿನ ಬೇಡಿಕೆ ಮುಖ್ಯವಾಗಿ ಓಟದ ಪಥಕ್ಕೆ ಸೀಮಿತವೆಂದೇ ತಿಳಿದು ಅಂದಾಜು ಹಾಕುವುದು ಕ್ಷೇಮ. ಹೊರದೇಶದಲ್ಲಿಯೂ ನಿಯಮಗಳಿಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೊಗೆ ನಿಯಮಕ್ಕೆ ಒಳಪಟ್ಟ ರಸ್ತೆ ವಾಹನಗಳಿಗೆ ಇಂತಹ ಬಿಡಿಭಾಗ ಮಾರಲು ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ವಿನಾಯಿತಿ ಸಂಖ್ಯೆ ಬೇಕು. ಅದಕ್ಕೆ ತಗಲುವ ಪರೀಕ್ಷೆಯ ಖರ್ಚನ್ನು ಯಾರು ಭರಿಸಬೇಕೆಂಬುದನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು.

ಕೊಟೇಶನ್ ಹಿಡಿದು ಬಂದಿದ್ದ ಆ ಮಾಲೀಕರಿಗೆ ನಾನು ಸೂಚಿಸಿದ್ದು, ಹೊರದೇಶದ ಖರೀದಿದಾರನಿಗೆ ಮೊದಲು ಒಂದು ಪತ್ರ ಬರೆಯಬೇಕೆಂದು. ಎಂಜಿನ್ನಿನ ಗಾತ್ರವೆಷ್ಟು, ಗರಿಷ್ಠ ಶಕ್ತಿ ಬೇಕಾದದ್ದು ಎಷ್ಟನೆಯ ಸುತ್ತಿನಲ್ಲಿ, ವಾಲ್ವಿನ ಎತ್ತರವೆಷ್ಟು, ಕಾರು ರಸ್ತೆಗೋ ಪಥಕ್ಕೋ, ಕಳೆದ ಮೂರು ವರ್ಷಗಳಲ್ಲಿ ಆತ ಯಾವ ಅಳತೆಯ ಹೆಡ್ಡನ್ನು ಎಷ್ಟು ಜೊತೆ ಮಾರಿದ್ದಾನೆ ಎಂಬ ವಿವರಗಳನ್ನು ಕೇಳಿದ್ದಾರೆ. ಉತ್ತರ ಬರುವವರೆಗೆ 227 ಸಿ.ಸಿ. ಕೋರ್ ಬಾಕ್ಸಿನ ಮುಂಗಡವನ್ನು ತಡೆಹಿಡಿಯಲಾಗಿದೆ. ಗೋಡೆ ದಪ್ಪವಿರುವ 180 ಸಿ.ಸಿ. ಕೋರಿಗೆ ಪ್ಯಾಟರ್ನ್ ತಯಾರಕರಿಂದ ಹೊಸ ದರಪಟ್ಟಿ ತರಿಸಲಾಗುತ್ತಿದೆ.